ಬಲಗಡೆಯ ಸಾಲಿನ ಇಲಿಗಳು

ಮೊನ್ನೆ ಸಂಬಂಧಿಕರ ಹೊಸ ಮನೆಯ ಆಶೀರ್ವಾದಕ್ಕೆಂದು ಕುಕ್ಕುಂದೂರಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುವ ದಾರಿಯಲ್ಲಿ ಒಂದು ಹಳೆಯ ಅಕ್ಕಿ ಗಿರಣಿ. ಅದರ ಹಿಂದೆ ರಾಶಿ ಹಾಕಿದ್ದ ಭತ್ತದ ಉಮಿ ಜೂನಿನ ಮೊದಲ ಮಳೆಗೆ ಚೆನ್ನಾಗಿ ನೆನೆದು, ಬೆಚ್ಚಗಿನ, ಸ್ವಲ್ಪ ಹುಳಿಯಾದ ಒಂದು ವಾಸನೆ ಬಿಡುತ್ತಿತ್ತು. ಜೊತೆಗಿದ್ದ ತಮ್ಮನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕೊಡೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಎಂತ ಅತ್ತಿಗೆ, ಇಲ್ಲಿ ಎಂತ ನೋಡ್ಲಿಕ್ಕುಂಟು?" ಎಂದಳು.

ನೋಡಲಿಕ್ಕೆ ಏನೂ ಇರಲಿಲ್ಲ. ಆದರೆ ಆ ವಾಸನೆಗೆ ಒಂದಿಷ್ಟು ಇಲಿಯ ಮೂತ್ರದ ಘಾಟು, ಒಂದಿಷ್ಟು ಫಿನಾಯಿಲು ಸೇರಿಸಿದರೆ ಅದು ನನ್ನ ಇಪ್ಪತ್ತಾರನೆಯ ವಯಸ್ಸು. ಮಣಿಪಾಲ, ಎಂಬತ್ತೈದರ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗಿನ ಒಂದು ವರ್ಷ. ಆ ವರ್ಷದ ವಿಷಯ ನಾನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹೇಳಿದರೆ ನನ್ನ ಮೂರ್ಖತನವನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ಮಣಿಪಾಲದ ಗುಡ್ಡದ ಪಶ್ಚಿಮದ ಬದಿಯಲ್ಲಿ ಆಗ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಈಗ ಅದು ಇಲ್ಲ. ಆ ಜಾಗದಲ್ಲಿ ವಾಹನ ನಿಲ್ಲಿಸುತ್ತಾರೆ. ಕೆಂಪು ಹಂಚಿನ ಉದ್ದನೆಯ ಕಟ್ಟಡ, ಅದರ ಕೊನೆಯಲ್ಲಿ ಇಲಿಮನೆ. ಬೆಳ್ಮಣ್‌ನವಳಾದ ನಾನು ಬಿ.ಎಸ್ಸಿ. ಮುಗಿಸಿ ಅಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದೆ. ಮಗಳು ಇಲಿ ಸಾಕುವ ಕೆಲಸಕ್ಕೆ ಸೇರಿದ್ದಾಳೆ ಎಂದು ಹೇಳಿಕೊಳ್ಳಲು ಅಮ್ಮನಿಗೆ ಮುಜುಗರ. ಇಗರ್ಜಿಯಲ್ಲಿ ಕೇಳಿದವರಿಗೆಲ್ಲ "ಫಿಲೋಮಿನಾ ಡಾಕ್ಟ್ರ ಒಟ್ಟಿಗೆ ಇದ್ದಾಳೆ" ಎಂದಷ್ಟೇ ಹೇಳುತ್ತಿದ್ದರು. ಕೆಲವರು ಅದನ್ನು ಬೇರೆಯೇ ರೀತಿ ತಿಳಿದುಕೊಂಡು ವಿಚಾರಿಸಲು ಬಂದರು, ಅದು ಬೇರೆ ಕಥೆ.

ಡಾಕ್ಟರ್ ಎಂದರೆ ಪೆರ್ಡೂರಿನ ಪದ್ಮನಾಭ ಉಪಾಧ್ಯರು. ಪಿಎಚ್.ಡಿ. ಇನ್ನೂ ಆಗಿರಲಿಲ್ಲ, ಆದರೂ ಎಲ್ಲರ ಬಾಯಲ್ಲಿ ಅವರು ಡಾಕ್ಟ್ರೇ. ವಯಸ್ಸು ನಲವತ್ತು ದಾಟಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು, ಅದರಲ್ಲಿ ಒಂದು ಸೋರುವುದು ಖಂಡಿತ. ಬೆಳಿಗ್ಗೆ ಹನ್ನೊಂದಕ್ಕೆ ಅಂಚೆ ಬರುವವರೆಗೆ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪರದೇಶದ ವಿಜ್ಞಾನಿಗಳಿಗೆ ಕಾರ್ಡು ಬರೆದು, "ನಿಮ್ಮ ಲೇಖನದ ಒಂದು ಪ್ರತಿ ಕಳಿಸಿ" ಎಂದು ಬೇಡಿಕೊಳ್ಳುವುದು ಆಗಿನ ಪದ್ಧತಿ. ಹಡಗಿನಲ್ಲಿ ಬರುವ ಕಾಗದ, ತಿಂಗಳುಗಟ್ಟಲೆ ಕಾಯಬೇಕು. ಗೇಟಿನ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು, ಅಂಚೆಯವ ಅದರಲ್ಲಿ ಹಾಕಿ ಹೋಗುತ್ತಿದ್ದ.

ಇಲಿಮನೆಯಲ್ಲಿ ನನ್ನ ಜೊತೆಗಿದ್ದವರು ಕಾಪುವಿನ ಕಲ್ಯಾಣಿಯಕ್ಕ. ಮೊಗವೀರರ ಮನೆಯ ಹೆಂಗಸು, ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು. ಬೆನ್ನು ಹಿಡಿದುಕೊಂಡ ಮೇಲೆ ಬುಟ್ಟಿ ಹೊರಲಾಗದೆ, ಯಾರದೋ ಮಾತಿನ ಮೇಲೆ ಇಲ್ಲಿಗೆ ಬಂದರು. ಗಂಡ ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದರು. ಕೆಲಸ ತಾತ್ಕಾಲಿಕ, ಮುಂದಿನ ಜೂನಿಗೆ ಖಾಯಂ ಆಗುತ್ತದೆ ಎಂದು ಮಾತಿತ್ತು. ಆ ಖಾಯಂ ಆಗುವ ದಿನಕ್ಕೆ ಅವರು ಕಾಯುತ್ತಿದ್ದದ್ದು ನನಗೆ ಗೊತ್ತು. ಓದು ಬರಹ ಇಲ್ಲ. ನನ್ನನ್ನು, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ, 'ಬಾಯಮ್ಮ' ಎಂದು ಕರೆಯುತ್ತಿದ್ದರು, ಇಲಿಗಳನ್ನು 'ಮಗಾ' ಎಂದು. ನಮ್ಮ ಮೂವರ ಮಾತು ಮುಕ್ಕಾಲು ತುಳು, ಉಳಿದದ್ದು ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಲಿಗಳೆಂದರೆ ಅಕ್ಕಿ ಡಬ್ಬದ ಇಲಿಗಳಲ್ಲ. ಬೆಳ್ಳಗಿನ, ಕೆಂಪು ಕಣ್ಣಿನ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಇಲಿಗಳು. ಎರಡು ತಳಿ ಇದ್ದವು. ಡಾಕ್ಟ್ರು ಕೆಲಸ ಮಾಡುತ್ತಿದ್ದದ್ದು 'ಎ' ತಳಿಯ ಮೇಲೆ. ಅವು ಹುಟ್ಟುವಾಗ ಚೆನ್ನಾಗಿರುತ್ತವೆ, ಆರೇಳು ತಿಂಗಳಾಗುವಾಗ ರಕ್ತದ ಕ್ಯಾನ್ಸರ್ ಬಂದು ಒಂದೊಂದಾಗಿ ಸಾಯುತ್ತವೆ. ಅದಕ್ಕೆ ಕಾರಣ ಒಂದು ವೈರಸ್. ಆದರೆ ಆ ವೈರಸ್ ಯಾರಿಂದಲೂ ಅಂಟುವುದಲ್ಲ. ಇಲಿಯ ವಂಶವಾಹಿಯಲ್ಲೇ ಬರೆದಿರುತ್ತದೆ, ತಂದೆ ತಾಯಿಯಿಂದ ಮರಿಗೆ ಬರುತ್ತದೆ.

"ಶೀತ, ಜ್ವರ ಎಲ್ಲ ಹೊರಗಿನಿಂದ ಬರುವ ನೆಂಟರು ಫಿಲೋಮಿನಾ," ಎಂದು ಡಾಕ್ಟ್ರು ಹೇಳಿಕೊಟ್ಟಿದ್ದರು. "ದೇಹದ ಕಾವಲಿನವರು ಅವರನ್ನು ಬಾಗಿಲಲ್ಲೇ ಹಿಡಿಯುತ್ತಾರೆ. ಇದು ಹಾಗಲ್ಲ. ಇದು ಮನೆಯೊಳಗೇ ಹುಟ್ಟಿದ ವೈರಸ್. ಕಾವಲಿನವರಿಗೆ ಇವನು ಮನೆಯವನೋ ಕಳ್ಳನೋ ಗೊತ್ತಾಗುವುದಿಲ್ಲ."

ಹುಟ್ಟಿದ ದಿನವೇ ಮರಿಗಳಿಗೆ ಒಂದು ಸೀರಮ್ ಚುಚ್ಚಿದರೆ ಆ ಕಾವಲಿನವರಿಗೆ ಗುರುತು ಹಿಡಿಯಲು ಕಲಿಸಬಹುದೇ ಎಂಬುದು ಅವರ ಪ್ರಯೋಗ. ಅವರ ಪಿಎಚ್.ಡಿ. ಅದರ ಮೇಲೆ ನಿಂತಿತ್ತು. ಕೋಣೆಯಲ್ಲಿ ಗೂಡುಗಳ ಎರಡು ಸಾಲು. ಬಲಗಡೆಯ ಸಾಲಿನ ಮರಿಗಳಿಗೆ ಸೀರಮ್, ಎಡಗಡೆಯ ಸಾಲಿನವಕ್ಕೆ ಬರೀ ಉಪ್ಪುನೀರು. ಎರಡನ್ನೂ ಹೋಲಿಸಿ ನೋಡುವುದು.

ಇಂಥ ತಳಿಯನ್ನು ಶುದ್ಧವಾಗಿ ಉಳಿಸಲು ಒಂದೇ ದಾರಿ: ಅಣ್ಣನಿಗೆ ತಂಗಿಯನ್ನೇ ಜೋಡಿ ಹಾಕಬೇಕು. ತಲೆಮಾರಿನ ಮೇಲೆ ತಲೆಮಾರು ಹಾಗೆಯೇ. ಆಗ ಎಲ್ಲ ಇಲಿಗಳೂ ಒಂದೇ ಅಚ್ಚಿನವಾಗುತ್ತವೆ.

ಇದನ್ನು ಕಲ್ಯಾಣಿಯಕ್ಕನಿಗೆ ತಿಳಿಸಿ ಹೇಳಬೇಕಾದವಳು ನಾನು. ತಳಿ ಎಂದರೆ ಅವರಿಗೆ ಹೇಗೆ ಅರ್ಥ ಮಾಡಿಸುವುದೆಂದು ಎರಡು ದಿನ ಯೋಚಿಸಿದೆ. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ 'ಬರಿ' ಎನ್ನುತ್ತಾರೆ. ತಾಯಿಯ ಬರಿಯೇ ಮಕ್ಕಳಿಗೆ. ನನಗೆ ಥಟ್ಟನೆ ಹೊಳೆಯಿತು. "ನೋಡಿ ಅಕ್ಕ, ಈ ಎ ತಳಿಯವೆಲ್ಲ ಒಂದೇ ಬರಿಯವು ಅಂತ ತಿಳ್ಕೊಳ್ಳಿ. ಆ ಗೋಡೆ ಬದಿಯ ಬಿ ತಳಿಯವು ಬೇರೆ ಬರಿ. ಒಂದಕ್ಕೊಂದು ಸೇರ್ಲಿಕ್ಕಿಲ್ಲ. ಇವುಗಳ ರೋಗ ಇವುಗಳ ಬರಿಯಲ್ಲೇ ಉಂಟು."

"ಓ, ಹಾಗಾ," ಎಂದರು ಕಲ್ಯಾಣಿಯಕ್ಕ. ಎಷ್ಟು ಚೆಂದ ಅರ್ಥ ಮಾಡಿಸಿದೆ ಎಂದು ನಾನು ನನ್ನ ಬೆನ್ನನ್ನೇ ತಟ್ಟಿಕೊಂಡೆ. ಆ ವರ್ಷದ ಎಲ್ಲ ಎಡವಟ್ಟಿನ ಬೇರು ಇದು.

ಜೂನಿನಲ್ಲಿ ಜೋಡಿ ಹಾಕಿದೆವು. ಹೊರಗೆ ಮಳೆ ಹಂಚು ಒಡೆಯುವ ಹಾಗೆ ಸುರಿಯುತ್ತಿತ್ತು. ಕಾರ್ಕಳದಿಂದ ಬಂದ ಉಮಿ ಮೂಟೆಗಳು ನೆನೆದು, ಅದನ್ನು ಒಲೆಯ ಹತ್ತಿರ ಹರವಿ ಒಣಗಿಸುವುದೇ ಒಂದು ಕೆಲಸ. ಇಲಿಗಳಿಗೆ ಹಾಸಿಗೆ ಅದೇ ತಾನೇ. ಕೆಲಸ ಬೇಗ ಮುಗಿಯಲೆಂದು ಹಂಚಿಕೊಂಡೆವು. ಎಡಗಡೆಯ ಹನ್ನೆರಡು ಗೂಡಿಗೆ ನಾನು ಜೋಡಿ ಹಾಕುವುದು, ಬಲಗಡೆಯ ಹನ್ನೆರಡಕ್ಕೆ ಕಲ್ಯಾಣಿಯಕ್ಕ. ಪ್ರತಿ ಗೂಡಿನ ಕಾರ್ಡು ಬರೆದಿಟ್ಟು, ಯಾವ ಗೂಡಿನ ಹೆಣ್ಣನ್ನು ಎಲ್ಲಿಗೆ ಎಂದು ಬಾಯಲ್ಲಿ ಹೇಳಿ, ನಾನು ನನ್ನ ಸಾಲಿನ ಕೆಲಸಕ್ಕೆ ಬೆನ್ನು ತಿರುಗಿಸಿದೆ.

ಜುಲೈಯಲ್ಲಿ ಮರಿಗಳಾದವು. ಗೇರುಬೀಜದಷ್ಟಿದ್ದ ಗುಲಾಬಿ ಮರಿಗಳಿಗೆ ಡಾಕ್ಟ್ರು ಉಸಿರು ಬಿಗಿಹಿಡಿದು ಸೂಜಿ ಚುಚ್ಚುತ್ತಿದ್ದರು. ಕಲ್ಯಾಣಿಯಕ್ಕ ಅಂಗೈಯಲ್ಲಿ ಮರಿ ಹಿಡಿದುಕೊಂಡು, "ಮೆಲ್ಲ, ಡಾಕ್ಟ್ರೇ, ಮೆಲ್ಲ" ಎನ್ನುತ್ತಿದ್ದರು. ಆಮೇಲೆ ಮಾಡಲು ಇದ್ದದ್ದು ಕಾಯುವುದೊಂದೇ.

ಆ ಕಾಯುವ ತಿಂಗಳುಗಳಲ್ಲಿ ನಾವು ಮೂವರೂ ಬಹಳ ಹತ್ತಿರವಾದೆವು. ಹನ್ನೊಂದಕ್ಕೆ ಅಂಚೆ, ಹನ್ನೊಂದೂಕಾಲಿಗೆ ಚಹಾ ಮತ್ತು ಬನ್ಸ್. ಬಂದ ಲೇಖನಗಳನ್ನು ಡಾಕ್ಟ್ರು ಓದಿ ನಮಗೂ ಹೇಳುತ್ತಿದ್ದರು. ಆಗ ಅವರ ತಲೆ ತಿನ್ನುತ್ತಿದ್ದದ್ದು ಪ್ರಿಯಾನ್ ಎಂಬ ಹೊಸ ಹೆಸರು. ಅದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ, ಬರೀ ಒಂದು ಪ್ರೋಟೀನು. ಮಡಚಿಕೊಳ್ಳುವ ರೀತಿ ತಪ್ಪಿದರೆ ಮಿದುಳನ್ನು ತೂತು ತೂತು ಮಾಡಿ ಕೊಲ್ಲುತ್ತದಂತೆ. ಒಂದು ದಿನ ಬಂದ ಲೇಖನದಲ್ಲಿ ಇನ್ನೂ ವಿಚಿತ್ರ ಸಂಗತಿ ಇತ್ತು. ಸರಿಯಾಗಿ ಮಡಚಿಕೊಂಡ ಅದೇ ಪ್ರೋಟೀನು ಆರೋಗ್ಯವಾಗಿರುವ ಪ್ರಾಣಿಗಳ ದೇಹದಲ್ಲೂ ಇರುತ್ತದೆ, ನಮ್ಮೆಲ್ಲರಲ್ಲೂ.

"ಇಷ್ಟು ಅಪಾಯದ ವಸ್ತುವನ್ನು ದೇಹ ಯಾಕೆ ಮಾಡಿಟ್ಟುಕೊಂಡಿದೆ? ಎಂತ ಪ್ರಯೋಜನ?" ಎಂದು ಡಾಕ್ಟ್ರು ಬನ್ಸ್ ಕೈಯಲ್ಲಿ ಹಿಡಿದೇ ಕೂತರು.

ಕಲ್ಯಾಣಿಯಕ್ಕ ಲೋಟ ತೊಳೆಯುತ್ತಿದ್ದವರು ತಿರುಗಿ, "ಎಂತಾದ್ರೂ ಒಂದು ಕೆಲಸ ಇರ್ತದೆ ಡಾಕ್ಟ್ರೇ. ನಮ್ಮ ಮನೆಯಲ್ಲಿ ಅಜ್ಜಿಯ ತಂಗಿ ಒಬ್ರು ಇದ್ರು, ಇಡೀ ದಿನ ಬೈಯ್ಯುವುದು. ಎಂತಕ್ಕೆ ಇದ್ದಾರೆ ಅಂತ ನಮಗೆಲ್ಲ. ಅವರು ಹೋದ ಮೇಲೆ ನಮ್ಮ ಮಾವಂದಿರೆಲ್ಲ ಶುರು ಮಾಡಿದ್ರು ನೋಡಿ ಜಗಳ. ಅಲ್ಲಿವರೆಗೆ ಅವರ ಹೆದರಿಕೆಗೆ ಸುಮ್ನಿದ್ದದ್ದು," ಎಂದರು.

ಡಾಕ್ಟ್ರು ನಗಲಿಲ್ಲ. ಸೋರುವ ಪೆನ್ನು ತೆಗೆದು ಅಲ್ಲೇ ಒಂದು ಕಾಗದ ಬರೆಯತೊಡಗಿದರು. ಮಧ್ಯಾಹ್ನ ಅದನ್ನು ನನಗೆ ಓದಿ ಹೇಳಿದರು. ಆ ಲೇಖನ ಬರೆದ ಪರದೇಶದ ವಿಜ್ಞಾನಿಗೆ ಒಂದೇ ಪ್ರಶ್ನೆ: ಈ ಪ್ರೋಟೀನಿಗೂ, ಮನೆಯೊಳಗೆ ಹುಟ್ಟಿದ ವೈರಸ್ಸುಗಳನ್ನು ಹದ್ದುಬಸ್ತಿನಲ್ಲಿಡುವ ದೇಹದ ಕಾವಲಿಗೂ ಏನಾದರೂ ಸಂಬಂಧ ಇರಬಹುದೇ? ಬರೀ ಊಹೆ, ನಗಬೇಡಿ ಎಂದೂ ಸೇರಿಸಿದ್ದರು. ಅದನ್ನು ಅಂಚೆಗೆ ಹಾಕಿ ಬಂದವರು ಕಲ್ಯಾಣಿಯಕ್ಕನೇ.

ಉತ್ತರ ಬರಲಿಲ್ಲ. ಆದರೆ ಜನವರಿ ಬಂತು, ಇಲಿಗಳ ಕಾಯಿಲೆಯೂ ಬಂತು. ಎಡಗಡೆಯ ಸಾಲಿನಲ್ಲಿ ಮೊದಲು ಒಂದು ಇಲಿ ಮೈಕೂದಲು ಕೆದರಿ, ಬೆನ್ನು ಬಾಗಿಸಿ ಮೂಲೆಯಲ್ಲಿ ಕೂತಿತು. ವಾರದಲ್ಲಿ ಮತ್ತೆರಡು. ಫೆಬ್ರವರಿ, ಮಾರ್ಚು ಕಳೆಯುವಾಗ ಆ ಸಾಲಿನಲ್ಲಿ ಖಾಲಿ ಗೂಡುಗಳೇ ಹೆಚ್ಚು. ಕಲ್ಯಾಣಿಯಕ್ಕ ಎಡಗಡೆಗೆ ಹೋಗುವಾಗ ಮಾತಾಡುತ್ತಿರಲಿಲ್ಲ. ಬಲಗಡೆಯ ಸಾಲಿನಲ್ಲಿ ಮಾತ್ರ ಒಂದೇ ಒಂದು ಇಲಿಗೂ ಕಾಯಿಲೆ ಬರಲಿಲ್ಲ. ಗೂಡಿನ ಸರಳು ಹಿಡಿದು ಜೋತಾಡುವುದು, ತಿನ್ನುವುದು, ಕಚ್ಚಾಡುವುದು, ಏನು ಗಮ್ಮತ್ತು!

ಏಪ್ರಿಲ್‌ನಲ್ಲಿ ಡಾಕ್ಟ್ರು ಎರಡು ಡಜನ್ ಬನ್ಸ್ ತರಿಸಿ ಇಡೀ ಕಟ್ಟಡಕ್ಕೆ ಹಂಚಿದರು. ಮೇ ತಿಂಗಳಲ್ಲಿ ಬೊಂಬಾಯಿಯ ಒಂದು ಸಮ್ಮೇಳನದಲ್ಲಿ ಈ ಫಲಿತಾಂಶ ಓದಲು ಕರೆ ಬಂದಿತ್ತು. "ನಮ್ಮ ಸೀರಮ್ ಕೆಲಸ ಮಾಡಿತು ಫಿಲೋಮಿನಾ!" ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಉಡುಪಿಯಿಂದ ಪಡುಬಿದ್ರಿ ಕಡೆಯ ಬಸ್ಸು ಹಿಡಿದೆವು. ಕಲ್ಯಾಣಿಯಕ್ಕ ಕಾಪುವಿನಲ್ಲಿ ಇಳಿಯುವುದು, ನಾನು ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವುದು, ಇದು ನಮ್ಮ ದಿನನಿತ್ಯದ ದಾರಿ. ಕಟಪಾಡಿ ದಾಟಿದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಾಗಿ, "ಬಾಯಮ್ಮ, ಒಂದು ಹೇಳ್ತೇನೆ. ಡಾಕ್ಟ್ರಿಗೆ ಹೇಳ್ಬೇಡಿ, ಅವರಿಗೆ ನಾಚಿಕೆ ಆದೀತು," ಎಂದರು.

"ಎಂತ ಅಕ್ಕ?"

"ಬಲಗಡೆಯವು ಯಾಕೆ ಉಳಿದವು ಅಂತ ನಂಗೆ ಗೊತ್ತುಂಟು. ನಾನು ಅಣ್ಣ ತಂಗಿಯನ್ನು ಕೂಡಿಸ್ಲಿಲ್ಲ."

ನಾನು ಅವರ ಕಡೆಗೆ ತಿರುಗಿ ಕೂತೆ.

"ನೀವೇ ಹೇಳಿದ್ರಲ್ಲ, ಎಲ್ಲ ಒಂದೇ ಬರಿ ಅಂತ. ಒಂದೇ ಬರಿಯಲ್ಲಿ ಮದುವೆ ಮಾಡ್ಲಿಕ್ಕೆ ಉಂಟಾ ಬಾಯಮ್ಮ? ಅದೂ ಒಡಹುಟ್ಟಿದವರನ್ನು! ಕೈ ಬರ್ಲಿಲ್ಲ ನಂಗೆ. ಗೋಡೆ ಬದಿಯಲ್ಲಿ ಬಿ ತಳಿಯ ಹೆಣ್ಣುಗಳು ಮಿಕ್ಕಿದ್ವಲ್ಲ, ಒಂದು ಗೂಡು ತುಂಬ? ಅದ್ರಿಂದ ಒಂದೊಂದು ಹುಡುಗಿಯನ್ನು ತಂದು ಹಾಕಿದೆ. ಇವರ ತಂಗಿಯರನ್ನು ಅಲ್ಲಿ ಬಿಟ್ಟೆ. ಬೇರೆ ಬರಿಯ ತಾಯಿ ಬಂದ ಮೇಲೆ ಮಕ್ಕಳಿಗೆ ಎಂತ ರೋಗ? ಗಟ್ಟಿಮುಟ್ಟಾಗಿ ಉಂಟು ನೋಡಿ."

ಎರಡು ತಳಿಯೂ ಬಿಳಿ. ನೋಡಿದರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಪುವಿನಲ್ಲಿ ಅವರು ಇಳಿದು, ಕೈಬೀಸಿ, ಖುಷಿಯಲ್ಲಿ ನಡೆದುಹೋದರು. ನಾನು ಪಡುಬಿದ್ರಿಯಲ್ಲಿ ಇಳಿಯುವುದನ್ನೇ ಮರೆತು ಮುಂದಿನ ನಿಲ್ದಾಣಕ್ಕೆ ಹೋದೆ.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಆ ಮೂರು ದಿನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆ. ಹೇಳಿದರೆ ಕಲ್ಯಾಣಿಯಕ್ಕನ ಕೆಲಸ ಹೋಗುತ್ತದೆ. ಖಾಯಂ ಮಾಡುವ ಕಾಗದ ಆಗಲೇ ಆಫೀಸಿನಲ್ಲಿ ಸಹಿಗೆ ಕೂತಿತ್ತು. ಹೇಳದಿದ್ದರೆ ಡಾಕ್ಟ್ರು ಬೊಂಬಾಯಿಯಲ್ಲಿ ನೂರು ಜನರ ಮುಂದೆ ನಿಂತು, ಮಾಡದ ಕೆಲಸವನ್ನು ಸೀರಮ್ ಮಾಡಿತು ಎಂದು ಹೇಳುತ್ತಾರೆ. ನಾಳೆ ಅದನ್ನು ನಂಬಿ ಯಾರೋ ಒಬ್ಬರು ಮನುಷ್ಯರ ಮಕ್ಕಳಿಗೆ ಚುಚ್ಚಿದರೆ? ಮತ್ತೆ ನನ್ನ ವಿಷಯ: ಬರಿ ಎಂದು ಹೇಳಿಕೊಟ್ಟವಳು ನಾನು, ಸಾಲನ್ನು ಅವರ ಕೈಗೆ ಕೊಟ್ಟು ಬೆನ್ನು ಹಾಕಿದವಳೂ ನಾನು. ಆದಿತ್ಯವಾರ ಪೂಜೆಯಲ್ಲಿ ಪಾದ್ರಿಯವರು ಮದುವೆಯಾಗಲಿರುವವರ ಹೆಸರುಗಳನ್ನು ಓದಿ, "ಇವರಿಬ್ಬರ ನಡುವೆ ರಕ್ತಸಂಬಂಧವೇನಾದರೂ ಇದ್ದರೆ ತಿಳಿಸಿ" ಎಂದರು. ಸಣ್ಣಂದಿನಿಂದ ಕೇಳಿದ ಮಾತು. ನಮ್ಮ ಇಗರ್ಜಿಯೂ ಅದನ್ನೇ ಕೇಳುತ್ತದಲ್ಲ ಎಂದು ಆವತ್ತು ನನ್ನ ಮಂಡೆಗೆ ಹೊಕ್ಕಿತು. ಸೋಮವಾರ ಬೆಳಿಗ್ಗೆ ಡಾಕ್ಟ್ರ ಕೋಣೆಯ ಬಾಗಿಲು ತಟ್ಟಿದೆ.

ಅವರು ಬೊಂಬಾಯಿಗೆ ಒಯ್ಯಲು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಯುತ್ತಿದ್ದರು. ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ವರಾಂಡಕ್ಕೆ ಹೋದರು. ಏಪ್ರಿಲ್‌ನ ಆ ಸೆಕೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ವಾಪಸು ಬಂದಾಗ ಅಂಗಿ ಪೂರ್ತಿ ಒದ್ದೆಯಾಗಿತ್ತು. "ಕಲ್ಯಾಣಿಯನ್ನು ಕರೀರಿ," ಎಂದರು.

ಕಲ್ಯಾಣಿಯಕ್ಕ ನನ್ನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡರು. ಮೂಲೆಯಲ್ಲಿದ್ದ ತಮ್ಮ ಚೀಲ, ಊಟದ ಬುತ್ತಿ, ಕೊಡೆ ಎಲ್ಲ ಎತ್ತಿಕೊಂಡೇ ಒಳಗೆ ಬಂದರು.

"ಒಂದು ವರ್ಷ ಕಲ್ಯಾಣಿ! ಒಂದು ವರ್ಷದ ಕೆಲಸ! ಹೇಳಿದ್ದೊಂದು, ಮಾಡಿದ್ದೊಂದು!" ಡಾಕ್ಟ್ರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಲ್ಯಾಣಿಯಕ್ಕ ತಲೆ ತಗ್ಗಿಸಲಿಲ್ಲ. "ತಪ್ಪಾಯ್ತು ಡಾಕ್ಟ್ರೇ. ನಿಮಗೆ ನಷ್ಟ ಆಗ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಮೊದಲೇ ಆಗ್ಲಿಕ್ಕಿಲ್ಲ ಅಂತ ಹೇಳಿ ಬಿಡ್ತಿದ್ದೆ. ಆದ್ರೆ ಒಂದು ಕೇಳ್ತೇನೆ. ನಿಮ್ಮಲ್ಲಿ ಮದುವೆಗೆ ಗೋತ್ರ ನೋಡುದಿಲ್ವಾ?"

ಡಾಕ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು.

"ನೋಡ್ತೇವೆ," ಎಂದರು.

"ಮತ್ತೆ?"

ಡಾಕ್ಟ್ರು ಕುರ್ಚಿಯಲ್ಲಿ ಕೂತರು. ಆಮೇಲೆ ಬೇರೆಯೇ ದನಿಯಲ್ಲಿ, "ಯಾವ ಗೂಡಿಗೆ ಯಾವ ಹೆಣ್ಣನ್ನು ತಂದಿರಿ, ಏನಾದ್ರೂ ನೆನಪುಂಟಾ?" ಎಂದು ಕೇಳಿದರು. ಕೇಳಿದ್ದು ಆಸೆಯಿಂದಲ್ಲ, ಸುಮ್ಮನೆ.

"ನೆನಪಿಲ್ಲದೆ ಎಂತ? ನಾನೇ ಮಾಡಿದ ಸಂಬಂಧ ಅಲ್ವಾ," ಎಂದರು ಕಲ್ಯಾಣಿಯಕ್ಕ. ಚೀಲ ಕೆಳಗಿಟ್ಟು ಹೇಳತೊಡಗಿದರು. ಒಂದನೇ ಗೂಡಿಗೆ ಬಂದದ್ದು ಬಾಲ ಮೊಂಡಾದ ಹುಡುಗಿ, ಅವಳಿಗೆ ಏಳು ಮಕ್ಕಳು, ನಾಲ್ಕು ಹೆಣ್ಣು. ಎರಡನೆಯದಕ್ಕೆ ಅವಳ ದೊಡ್ಡಮ್ಮನ ಮಗಳು, ಚೊಚ್ಚಲು ಉಳಿಯಲಿಲ್ಲ, ಆಮೇಲೆ ಐದು. ಮೂರನೆಯದಕ್ಕೆ ಕಿವಿ ಹರಿದವಳು. ಹೀಗೆ ಹನ್ನೆರಡು ಗೂಡು, ತಾಯಿ, ತಾಯಿಯ ತಾಯಿ, ಅಕ್ಕತಂಗಿಯರು, ಒಂದನ್ನೂ ಬಿಡದೆ. ಅಕ್ಷರ ಗೊತ್ತಿಲ್ಲದ ಆ ಹೆಂಗಸು ಮದುವೆ ಮನೆಯಲ್ಲಿ ನೆಂಟರ ಗುರುತು ಹೇಳುವ ಹಾಗೆ ಇಲಿಗಳ ವಂಶವನ್ನು ಹೇಳುತ್ತಾ ಹೋದರು. ಡಾಕ್ಟ್ರು ಬೊಂಬಾಯಿಯ ಆ ನಕ್ಷೆಯನ್ನು ಮಗುಚಿ ಹಾಕಿ, ಅದರ ಹಿಂಭಾಗದಲ್ಲಿ ಬರೆಯತೊಡಗಿದರು. ನಾನು ನನ್ನ ರಿಜಿಸ್ಟರಿನಲ್ಲಿದ್ದ ಮರಿಗಳ ಸಂಖ್ಯೆಗೆ ತಾಳೆ ಹಾಕಿದೆ. ಒಂದೂ ತಪ್ಪಲಿಲ್ಲ.

ಬರೆದು ಮುಗಿಸುವಾಗ ಮಧ್ಯಾಹ್ನವಾಗಿತ್ತು. ಡಾಕ್ಟ್ರು ಆ ಹಾಳೆಯನ್ನೇ ನೋಡುತ್ತಾ ಕೂತು, "ತಪ್ಪು ನನ್ನದು ಫಿಲೋಮಿನಾ," ಎಂದರು. "ಒಂದೇ ತಾಯಿಯ ಮರಿಗಳನ್ನು ಎರಡು ಪಾಲು ಮಾಡಿ, ಅರ್ಧಕ್ಕೆ ಸೀರಮ್, ಅರ್ಧಕ್ಕೆ ಉಪ್ಪುನೀರು ಕೊಡಬೇಕಿತ್ತು. ಹಾಗೆ ಮಾಡಿದ್ದರೆ ಇದು ಎರಡು ದಿನದಲ್ಲಿ ಗೊತ್ತಾಗುತ್ತಿತ್ತು. ನಾನು ಸಾಲು ನೋಡಿ ಹಂಚಿದೆ. ಸುಲಭ ಅಂತ."

ಎರಡು ದಿನದಲ್ಲಿ ಖಂಡಿತ ಗೊತ್ತಾಗುತ್ತಿರಲಿಲ್ಲ. ಅಷ್ಟೇ ತಿಂಗಳು ಕಾಯಬೇಕಿತ್ತು. ಆದರೆ ನಾನು ತಿದ್ದಲಿಲ್ಲ.

ಬೊಂಬಾಯಿಗೆ ಬರುವುದಿಲ್ಲ ಎಂದು ತಂತಿ ಕೊಟ್ಟರು. ಕೇಂದ್ರದ ಮುಖ್ಯಸ್ಥರು ಕಾರಣ ಬರೆದು ಕೊಡಲು ಹೇಳಿದಾಗ, "ಪ್ರಯೋಗದ ವಿನ್ಯಾಸದಲ್ಲಿ ನನ್ನಿಂದ ದೋಷವಾಗಿದೆ" ಎಂದು ಒಂದೇ ಸಾಲು ಬರೆದರು. ಅದರಲ್ಲಿ ನನ್ನ ಹೆಸರಿಲ್ಲ, ಕಲ್ಯಾಣಿಯಕ್ಕನ ಹೆಸರಿಲ್ಲ. ಜೂನಿನಲ್ಲಿ ಕಲ್ಯಾಣಿಯಕ್ಕನ ಕೆಲಸ ಖಾಯಂ ಆಯಿತು. ಆವತ್ತು ಅವರು ಮನೆಯಿಂದ ತಂದ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ನಾನೊಬ್ಬಳೇ ತಿಂದೆ. ಮೀನು ಮುಟ್ಟದ ಡಾಕ್ಟ್ರಿಗೆ ಬೇರೆ ಬಾಳೆಹಣ್ಣು ತಂದಿದ್ದರು.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಎರಡು ತಳಿ ಬೆರೆತ ಮರಿಗಳಿಗೆ ಸೀರಮ್ ಕೊಡದೆಯೂ ನೋಡಿದೆವು. ಅವೂ ಚೆನ್ನಾಗಿಯೇ ಇದ್ದವು. ಬಿ ತಳಿಯಿಂದ ಬಂದ ಏನೋ ಒಂದು ಆ ವೈರಸ್ಸನ್ನು ತಡೆಯುತ್ತಿತ್ತು, ಕಲ್ಯಾಣಿಯಕ್ಕ ಹೇಳಿದ ಹಾಗೆಯೇ. ಶುದ್ಧ ಎ ತಳಿಯ ಮರಿಗಳಿಗೆ ಸೀರಮ್ ಕೊಟ್ಟರೆ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ. ದೊಡ್ಡ ಸಂಶೋಧನೆ ಆಯಿತೆಂದು ನಾನು ಹಾರಾಡಿದೆ. ಡಾಕ್ಟ್ರು ಗ್ರಂಥಾಲಯದಲ್ಲಿ ಹದಿನೈದು ದಿನ ಕೂತು, ಧೂಳು ಹಿಡಿದ ಹಳೆಯ ಸಂಪುಟವೊಂದನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಇದೆಲ್ಲ ಬೇರೆ ದೇಶದವರಿಗೆ ಎಷ್ಟೋ ವರ್ಷದ ಹಿಂದೆಯೇ ಗೊತ್ತಾಗಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರಿಗೆ ಪಿಎಚ್.ಡಿ. ಸಿಕ್ಕಿತು, ಮೂರು ವರ್ಷ ತಡವಾಗಿ, ಬೇರೆ ವಿಷಯದ ಮೇಲೆ.

ಒಂದು ತೊಡಕು ಮಾತ್ರ ಉಳಿಯಿತು. ಎ ತಳಿಯನ್ನು ಉಳಿಸಬೇಕಾದರೆ ಅಣ್ಣನಿಗೆ ತಂಗಿಯನ್ನೇ ಜೋಡಿ ಹಾಕಬೇಕು, ಬೇರೆ ದಾರಿಯಿಲ್ಲ. "ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಹೇಳಿ ಡಾಕ್ಟ್ರೇ," ಎಂದಿದ್ದರು ಕಲ್ಯಾಣಿಯಕ್ಕ. ಹಾಗಾಗಿ ಆ ಕೆಲಸ ನನಗೇ ಬಂತು. ಅದು ನಡೆಯುವಾಗ ಅವರು ಕೋಣೆಯಲ್ಲಿ ನಿಂತು ಮುಖ ಕಿವುಚಿಕೊಳ್ಳುವುದನ್ನು ನೋಡಲಾರದೆ ಡಾಕ್ಟ್ರು ಒಂದು ಉಪಾಯ ಮಾಡಿದರು. ಜೋಡಿ ಹಾಕುವ ದಿನ ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿ ನಿಂತು, "ಕಲ್ಯಾಣಿ, ಆ ಪರದೇಶದ ಕಾಗದಕ್ಕೆ ಉತ್ತರ ಬಂದಿದೆಯಾ, ಡಬ್ಬಿ ನೋಡಿ ಬನ್ನಿ," ಎನ್ನುತ್ತಿದ್ದರು. ಅಂಚೆ ಬರುವುದು ಹನ್ನೊಂದಕ್ಕೆ ಎಂದು ಇಡೀ ಕಟ್ಟಡಕ್ಕೆ ಗೊತ್ತು. ಕಲ್ಯಾಣಿಯಕ್ಕ ಗೇಟಿನವರೆಗೆ ನಿಧಾನ ಹೋಗಿ, ನಿಧಾನ ಬರುತ್ತಿದ್ದರು. ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತಿತ್ತು.

"ಬರ್ಲಿಲ್ಲ ಡಾಕ್ಟ್ರೇ."

"ನಾಳೆ ಬರಬಹುದು."

ನಾನು ಅಲ್ಲಿದ್ದಷ್ಟು ವರ್ಷವೂ ಈ ನಾಟಕ ನಡೆಯಿತು. ಡಾಕ್ಟ್ರು ಈಗಿಲ್ಲ. ಉತ್ತರ ಕೊನೆಗೂ ಬರಲಿಲ್ಲ.

ಕುಕ್ಕುಂದೂರಿನ ಆ ಮನೆಯಲ್ಲಿ ಊಟವಾದ ಮೇಲೆ ತಮ್ಮನ ಮಗಳು ರೀನಾಗೆ ಉಮಿಯ ವಾಸನೆಯ ನೆಪದಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಓದುತ್ತಿರುವುದು ಇಂಥದ್ದನ್ನೇ. ಡಾಕ್ಟ್ರ ಕಾಗದದ ಪ್ರಶ್ನೆ ಹೇಳಿದಾಗ ನೆಟ್ಟಗೆ ಕೂತಳು. "ಆಂಟಿ, ಅದನ್ನು ಈಗ ನಿಜವಾಗಿ ಕೇಳ್ತಾ ಇದ್ದಾರೆ. ಆ ಪ್ರೋಟೀನು ಒಳಗಿನ ಹಳೆಯ ವೈರಸ್ಸುಗಳ ವಿರುದ್ಧ ದೇಹದ ಕಾವಲಿಗೆ ಸಹಾಯ ಮಾಡ್ತದಾ ಅಂತ. ಪೂರ್ತಿ ಗೊತ್ತಾಗಿಲ್ಲ, ಆದ್ರೆ ಕೆಲಸ ನಡೀತಾ ಉಂಟು," ಎಂದಳು.

ಮರುದಿನವೇ ಕಾಪುವಿಗೆ ಹೋದೆ. ಕಲ್ಯಾಣಿಯಕ್ಕ ಚಿಕ್ಕ ಮಗಳ ಮನೆಯಲ್ಲಿದ್ದಾರೆ. ಮನೆ ತುಂಬ ಮೊಮ್ಮಕ್ಕಳು, ಮರಿಮಕ್ಕಳು, ಟಿವಿಯ ಗಲಾಟೆ. ಕಿವಿ ಮಂದವಾಗಿದೆ, ಕಣ್ಣು ಚುರುಕಾಗಿಯೇ ಇದೆ. "ಎಂತ ಬಾಯಮ್ಮ, ಈಗ ನೆನಪಾಯ್ತಾ?" ಎಂದು ಬೈದು, ಹತ್ತಿರ ಕೂರಿಸಿಕೊಂಡರು. ಎಲ್ಲವನ್ನೂ ಜೋರಾಗಿ ಎರಡೆರಡು ಸಲ ಹೇಳಿದೆ. ಡಾಕ್ಟ್ರು ಕೇಳಿದ್ದನ್ನು ಈಗ ಬೇರೆಯವರೂ ಕೇಳುತ್ತಿದ್ದಾರೆ, ಬೈಯುವ ಆ ನಿಮ್ಮ ಅಜ್ಜಿಯ ತಂಗಿಗೆ ಏನೋ ಕೆಲಸ ಇದ್ದ ಹಾಗೆ ಕಾಣುತ್ತದೆ ಎಂದೆ.

ಅವರು ಮೊಮ್ಮಗನಿಗೆ ಟಿವಿ ನಿಲ್ಲಿಸಲು ಸನ್ನೆ ಮಾಡಿದರು.

"ಉತ್ತರ ಬಂತು ಹಾಗಾದ್ರೆ."

"ಪೂರ್ತಿ ಬರ್ಲಿಲ್ಲ ಅಕ್ಕ. ಹೊರಟಿದೆ ಅಷ್ಟೆ." ಆಮೇಲೆ ತಡೆಯಲಾಗದೆ ಕೇಳಿದೆ, "ನಿಮ್ಮನ್ನು ಹೊರಗೆ ಕಳಿಸ್ಲಿಕ್ಕೆ ಡಾಕ್ಟ್ರು ಹಾಗೆ ಹೇಳ್ತಿದ್ದದ್ದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ಒಂಬತ್ತು ಗಂಟೆಗೆ ಯಾವ ಅಂಚೆ ಮಾರಾಯ್ರೆ!" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ನಗು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು, "ಆದ್ರೂ ಪ್ರತಿ ಸಲ ಡಬ್ಬಿಯ ಮುಚ್ಚಳ ತೆಗೆದು, ಕೈ ಹಾಕಿ ನೋಡಿಯೇ ಬರ್ತಿದ್ದೆ ಬಾಯಮ್ಮ. ಬರ್ಲಿಲ್ಲ ಅಂತ ಅವರಿಗೆ ಹೇಳ್ಲಿಕ್ಕುಂಟಲ್ಲ. ನೋಡದೆ ಹೇಗೆ ಹೇಳುದು?"